ಹನ್ನೊಂದು ದಂಡ, ಒಂದು ಕನ್ನಡಿ

ವೇದಿಕೆಯಲ್ಲಿರುವ ಹಿರಿಯರೇ, ಎದುರಿಗೆ ಕುಳಿತ ಅಕ್ಕಂದಿರೇ, ಅಣ್ಣಂದಿರೇ, ಬಾಗಿಲ ಹತ್ತಿರ ನಿಂತಿರುವ ರಿಕ್ಷಾ ಸ್ಟ್ಯಾಂಡಿನ ಗೆಳೆಯರೇ, ಎಲ್ಲರಿಗೂ ನಮಸ್ಕಾರ. ನಿಂತವರು ದಯಮಾಡಿ ಒಳಗೆ ಬನ್ನಿ. ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಇದೆ. ಇವತ್ತಿನ ಮಾತು ನಿಮ್ಮ ಜೇಬಿನದು.

ವಾಚನಾಲಯದ ಹುಡುಗರು ನನಗೆ ಕೊಟ್ಟ ವಿಷಯ ‘ರಸ್ತೆ ಸುರಕ್ಷತೆ’. ಹೆಲ್ಮೆಟ್ ಹಾಕಿ, ನಿಧಾನ ಹೋಗಿ, ಕುಡಿದು ಗಾಡಿ ಬಿಡಬೇಡಿ ಎಂದು ಪೊಲೀಸರು ಹೇಳಿದ್ದಾರೆ, ಶಾಲೆಯಲ್ಲಿ ಮಾಷ್ಟ್ರು ಹೇಳಿದ್ದಾರೆ, ಮನೆಯಲ್ಲಿ ಅಮ್ಮ ದಿನಾ ಹೇಳುತ್ತಾರೆ. ಅದನ್ನೇ ನಾನೂ ಹೇಳಲು ಇಷ್ಟು ಜನ ಕೆಲಸ ಬಿಟ್ಟು ಬರಬೇಕಾಗಿರಲಿಲ್ಲ. ನಾನು ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಣ ಎಲ್ಲಿಂದ ಬಂತು, ಯಾವ ಲೆಕ್ಕದಲ್ಲಿ ಕೂತಿತು, ಅಲ್ಲಿಂದ ಎಲ್ಲಿಗೆ ಹೋಯಿತು ಎಂದು ನೋಡುವುದೇ ನನಗೆ ಬರುವ ವಿದ್ಯೆ. ಹಾಗಾಗಿ ಹುಡುಗರ ಅಪ್ಪಣೆ ಪಡೆದು ವಿಷಯವನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ನಾವು ರಸ್ತೆಯಲ್ಲಿ ಕಟ್ಟುವ ದಂಡ ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡಿನ ಪಂಚಾಯತಿಗೆ ಪಾಲು ಉಂಟಾ?

ಮೊದಲು ಒಂದು ಕತೆ. ಇಲ್ಲಿರುವ ಅರ್ಧ ಜನಕ್ಕೆ ಗೊತ್ತಿರುವ ಕತೆಯೇ. ಆದರೂ ಕೇಳಿ.

ನಮ್ಮ ಹಾಲಿನ ಸೊಸೈಟಿಯಿಂದ ಕೆಳಗೆ ಇಳಿಯುವಾಗ ಒಂದು ತಿರುವು ಇದೆಯಲ್ಲ, ಒಂದು ಕಡೆ ಮುರಕಲ್ಲಿನ ಎತ್ತರದ ಗೋಡೆ, ಇನ್ನೊಂದು ಕಡೆ ಅಡಿಕೆ ತೋಟ. ಎದುರಿನಿಂದ ಬರುವ ಗಾಡಿ ಮೂಗಿನ ಹತ್ತಿರ ಬಂದ ಮೇಲೆಯೇ ಕಾಣುವುದು. ಹಿಂದೆ ಅಲ್ಲಿ ಒಂದು ಕನ್ನಡಿ ಇತ್ತು. ಕಂಬದ ಮೇಲೆ ಇಡುವ ದುಂಡಗಿನ ಉಬ್ಬುಗನ್ನಡಿ. ಅದನ್ನು ಹಾಕಿದ್ದು ಸರ್ಕಾರವಲ್ಲ. ಈ ವಾಚನಾಲಯದ ಹುಡುಗರು ಮನೆಮನೆಗೆ ಹೋಗಿ ದುಡ್ಡು ಕೂಡಿಸಿ ಹಾಕಿದ್ದು. ಒಂದು ಮಳೆಗಾಲದ ರಾತ್ರಿ ಯಾವುದೋ ಪಿಕಪ್ ಗಾಡಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿತು. ಕನ್ನಡಿ ಚೂರಾಯಿತು. ಕಂಬ ಇವತ್ತಿಗೂ ಓರೆಯಾಗಿ ನಿಂತಿದೆ. ಈಗ ಅದಕ್ಕೆ ಬಸಳೆ ಬಳ್ಳಿ ಹಬ್ಬಿಸಿದ್ದಾರೆ. ಬಸಳೆ ಚೆನ್ನಾಗಿ ಬಂದಿದೆ, ಅದು ಬೇರೆ ವಿಷಯ.

ಹೊಸ ಕನ್ನಡಿ ಹಾಕಿಸೋಣ ಎಂದು ನಾವು ನಾಲ್ಕು ಜನ ಅರ್ಜಿ ಹಿಡಿದು ಹೊರಟೆವು. ಮೊದಲು ಹೋದ ಕಚೇರಿಯಲ್ಲಿ, ಇದು ಪಂಚಾಯತ್ ರಸ್ತೆಯಲ್ಲ, ನಮಗೆ ಕೈ ಹಾಕಲು ಆಗುವುದಿಲ್ಲ ಎಂದರು. ಎರಡನೆಯ ಕಚೇರಿಯಲ್ಲಿ, ರಸ್ತೆ ನಮ್ಮದೇ, ಆದರೆ ಟಾರ್ ಹಾಕಲು ಇರುವ ಹಣದಲ್ಲಿ ಕನ್ನಡಿ ಬರುವುದಿಲ್ಲ ಎಂದರು. ಮೂರನೆಯ ಕಡೆಯಲ್ಲಿ ಬಹಳ ಒಳ್ಳೆಯ ಅಧಿಕಾರಿ ಸಿಕ್ಕಿದರು. ಕೂರಿಸಿ ಮಾತಾಡಿಸಿದರು, ಚಹಾ ಕೊಟ್ಟರು. ನೀವು ಕೇಳುವುದು ಪೂರ್ತಿ ಸರಿ, ಆದರೆ ಇದಕ್ಕೆ ನನ್ನ ಹತ್ತಿರ ದುಡ್ಡಿನ ದಾರಿ ಇಲ್ಲ ಎಂದರು. ಯಾರೂ ಕೆಟ್ಟವರಿರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೂರು ಕಚೇರಿಯಲ್ಲೂ ಮನಸ್ಸಿತ್ತು. ದುಡ್ಡಿನ ದಾರಿ ಇರಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಅದೇ ತಿರುವಿನ ಕೆಳಗೆ ತಪಾಸಣೆಗೆ ಜೀಪು ನಿಂತಿತು. ಅಲ್ಲಿ ನಿಲ್ಲಿಸುವುದು ಸಹಜ. ತಿರುವಿಗೆ ಎಲ್ಲ ಗಾಡಿಯೂ ನಿಧಾನವಾಗುತ್ತದೆ, ಕೈ ತೋರಿಸಲು ಸುಲಭ. ನಾನು ಎದುರಿನ ಚಹಾದಂಗಡಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಲೆಕ್ಕ ಬರೆದೇ ಬದುಕಿದ ಕೈ, ಸುಮ್ನೆ ಕೂರುವುದಿಲ್ಲ. ಎಣಿಸಲು ಶುರು ಮಾಡಿದೆ. ಎರಡು ಗಂಟೆಯಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರು ಹನ್ನೊಂದು ಮಂದಿ. ತಲೆಗೆ 500. ಒಟ್ಟು 5500 ರೂಪಾಯಿ. ಅಲ್ಲಿಂದಲೇ ಮಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ ಉಬ್ಬುಗನ್ನಡಿಯ ಬೆಲೆ ಕೇಳಿದೆ. ಅಷ್ಟರೊಳಗೆ ಬರುತ್ತದೆ ಎಂದರು. ಕಂಬ ಬೇಕಾದರೆ ಸ್ವಲ್ಪ ಜಾಸ್ತಿ. ಕಂಬ ನಮ್ಮಲ್ಲಿ ಇದೆ, ಬಸಳೆ ಬಿಡಿಸಿದರೆ ಆಯಿತು ಎಂದು ಹೇಳಿದೆ.

ಹನ್ನೊಂದು ದಂಡ, ಒಂದು ಕನ್ನಡಿ. ಎರಡೂ ಒಂದೇ ತಿರುವಿನಲ್ಲಿ. ಆದರೆ ಆ ದಂಡ ಈ ಕನ್ನಡಿಯಾಗಲು ನಮ್ಮ ವ್ಯವಸ್ಥೆಯಲ್ಲಿ ಒಂದು ದಾರಿಯೂ ಇಲ್ಲ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಯಾಕೆ ಇಲ್ಲ, ಯಾಕೆ ಇರಬೇಕು, ಹೇಗೆ ಇರಬೇಕು ಎಂದು ಈಗ ನೋಡೋಣ.

ದಂಡ ಕಟ್ಟುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೆಲ್ಮೆಟ್ ಇಲ್ಲದೆ ಹೋದವರು ದಂಡ ಕಟ್ಟಲೇಬೇಕು. ನನ್ನ ಅಕ್ಕನ ಮಗ ಇವತ್ತು ಬದುಕಿರುವುದು ಹೆಲ್ಮೆಟ್‌ನಿಂದ. ಹಾಗಾಗಿ ದಂಡದ ಬಗ್ಗೆ ನನಗೆ ತಕರಾರಿಲ್ಲ. ದಂಡ ಕಟ್ಟಿದ ಮೇಲಿನ ಪ್ರಯಾಣದ ಬಗ್ಗೆ ಇದೆ.

ಆ ಪ್ರಯಾಣ ಹೇಗಿದೆ ನೋಡಿ. ಕಾನೂನು ದೆಹಲಿಯದು. 1988ರ ಮೋಟಾರು ವಾಹನ ಕಾಯ್ದೆ. ಸಂವಿಧಾನದಲ್ಲಿ ವಾಹನಗಳ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿದೆ. 2019ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಆ ವರ್ಷ ಸೆಪ್ಟೆಂಬರ್ 1ರಿಂದ ಹೊಸ ದಂಡಗಳು ಜಾರಿಗೆ ಬಂದವು. ಹೆಲ್ಮೆಟ್ ಇಲ್ಲದಿದ್ದರೆ ಮೊದಲು 100 ರೂಪಾಯಿ ಇದ್ದದ್ದು 1000 ಆಯಿತು. ಲೈಸೆನ್ಸ್ ಇಲ್ಲದೆ ಓಡಿಸಿದರೆ 5000. ಕುಡಿದು ಓಡಿಸಿದರೆ ಮೊದಲ ಸಲಕ್ಕೇ 10,000ದವರೆಗೆ, ಜೈಲೂ ಆಗಬಹುದು. ಮಕ್ಕಳ ಕೈಗೆ ಗಾಡಿ ಕೊಟ್ಟರೆ ಮನೆಯವರಿಗೆ 25,000 ದಂಡ, ಮೂರು ವರ್ಷದವರೆಗೆ ಸಜೆ. ಆಗ ನಿಮಗೆ ನೆನಪಿರಬಹುದು, ಪೇಪರಿನಲ್ಲಿ ದಿನಾ ಇದೇ ಸುದ್ದಿ.

ಆದರೆ ಅದೇ ಕಾಯ್ದೆಯ 200ನೇ ಸೆಕ್ಷನ್ ರಾಜ್ಯಕ್ಕೆ ಒಂದು ಅಧಿಕಾರ ಕೊಟ್ಟಿದೆ. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ಮುಗಿಸುವುದಾದರೆ ಎಷ್ಟು ಕಟ್ಟಬೇಕು, ಯಾವ ಅಧಿಕಾರಿ ವಸೂಲು ಮಾಡಬಹುದು ಎಂದು ರಾಜ್ಯವೇ ಗೊತ್ತು ಮಾಡಬಹುದು. ಅದಕ್ಕೆ ಕಾಂಪೌಂಡಿಂಗ್ ಎನ್ನುತ್ತಾರೆ. ಕೇರಳ 2019ರ ಅಕ್ಟೋಬರಿನಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್ ದಂಡವನ್ನು 500ಕ್ಕೆ ಇಳಿಸಿತು. ಕರ್ನಾಟಕ ಅದಕ್ಕೂ ಒಂದು ತಿಂಗಳು ಮೊದಲೇ ಹೆಲ್ಮೆಟ್ ದಂಡವನ್ನು 500 ಮಾಡಿತ್ತು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆಯೂ 500, ಈಚೆಯೂ 500. ಭಾಷೆ, ಬಸ್ಸಿನ ಬಣ್ಣ, ಪೊಲೀಸರ ಟೋಪಿ ಎಲ್ಲ ಬದಲಾದರೂ ಇದೊಂದು ಬದಲಾಗುವುದಿಲ್ಲ!

ಅಂದರೆ ಕಾನೂನು ಮಾಡಿದ್ದು ಕೇಂದ್ರ, ಮೊತ್ತ ಗೊತ್ತು ಮಾಡಿ ವಸೂಲು ಮಾಡುವುದು ರಾಜ್ಯ. ವಸೂಲಾದದ್ದು ರಾಜ್ಯದ ಬೊಕ್ಕಸಕ್ಕೆ. ಸಂವಿಧಾನದ 266ನೇ ವಿಧಿಯ ಪ್ರಕಾರ ರಾಜ್ಯಕ್ಕೆ ಬರುವ ಆದಾಯವೆಲ್ಲ ರಾಜ್ಯದ ಸಂಚಿತ ನಿಧಿಗೆ ಸೇರಬೇಕು.

ಖಜಾನೆಯವನಾಗಿ ಒಂದು ಒಳಗಿನ ವಿಷಯ ಹೇಳುತ್ತೇನೆ. ಸರ್ಕಾರಿ ಲೆಕ್ಕದಲ್ಲಿ ಪ್ರತಿ ಆದಾಯಕ್ಕೂ ಒಂದು ನಂಬರ್ ಇರುತ್ತದೆ. ವಾಹನ ತೆರಿಗೆಯ ಲೆಕ್ಕ 0041. ಪೊಲೀಸ್ ಇಲಾಖೆಯ ಆದಾಯ 0055. ಕೋರ್ಟಿನಲ್ಲಿ ಕಟ್ಟಿದ ದಂಡ 0070ರ ಒಳಗೆ. ಒಂದೇ ಹೆಲ್ಮೆಟ್, ಒಂದೇ ತಲೆ, ಒಂದೇ ತಿರುವು. ಮೋಟಾರು ವಾಹನ ಇಲಾಖೆ ಹಿಡಿದರೆ ಒಂದು ಪೆಟ್ಟಿಗೆ, ಪೊಲೀಸರು ಹಿಡಿದರೆ ಇನ್ನೊಂದು, ನಾನು ಕೋರ್ಟಿಗೇ ಹೋಗುತ್ತೇನೆ ಎಂದರೆ ಮೂರನೆಯದು. ಪೆಟ್ಟಿಗೆ ಮೂರಾದರೂ ಬೀಗದ ಕೈ ಒಂದೇ ಕಡೆ, ತಿರುವನಂತಪುರದಲ್ಲಿ. ಇದರಲ್ಲಿ ಯಾವ ನಂಬರಿನಲ್ಲೂ ಊರಿನ ಹೆಸರಿಲ್ಲ. ಇಂಥ ತಿರುವಿನಲ್ಲಿ ಇಷ್ಟು ಬಂತು ಎಂದು ಲೆಕ್ಕ ಹೇಳುವುದಿಲ್ಲ. ಹನ್ನೊಂದು ಮಂದಿಯ 5500 ರೂಪಾಯಿ ಸಮುದ್ರಕ್ಕೆ ಸೇರಿದ ತೋಡಿನ ನೀರಿನ ಹಾಗೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇದು ಗಡಿಯಲ್ಲಿ ಬದುಕುವ ನಮಗೆ ಮಾತ್ರ ಕಾಣುವ ಮಾತು. ತಿರುವನಂತಪುರದವರಿಗೂ ಬೆಂಗಳೂರಿನವರಿಗೂ ಇದು ಹೊಳೆಯುವುದಿಲ್ಲ. ಅವರಿಗೆ ಗಡಿ ದೂರ.

ನಮ್ಮ ಊರಿನಲ್ಲಿ ಕೆಎಲ್ 14ರ ಗಾಡಿಯೂ ಇದೆ, ಕೆಎ 19, ಕೆಎ 21ರದ್ದೂ ಓಡಾಡುತ್ತದೆ. ಕೆಎಲ್ 14ರ ಕಾರು ಇದೆ ಎನ್ನಿ. ಅದರ ತೆರಿಗೆ ಯಾರಿಗೆ? ಕೇರಳಕ್ಕೆ. ಅದು ದಿನಾ ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ ಎಂದು ಮಂಗಳೂರಿನ ರಸ್ತೆಯನ್ನೇ ತುಳಿದರೂ ತೆರಿಗೆ ಕೇರಳಕ್ಕೇ. ತೆರಿಗೆ ಗಾಡಿಯ ಮನೆಯನ್ನು ನೋಡುತ್ತದೆ. ಆದರೆ ಅದೇ ಕಾರು ಪಂಪ್‌ವೆಲ್ ಹತ್ತಿರ ಸಿಗ್ನಲ್ ಹಾರಿದರೆ? ದಂಡ ಕರ್ನಾಟಕಕ್ಕೆ. ಕೆಎ 19ರ ಬೈಕ್ ಕುಂಬಳೆಯಲ್ಲಿ ಕ್ಯಾಮರಾಕ್ಕೆ ಸಿಕ್ಕಿದರೆ ದಂಡ ಕೇರಳಕ್ಕೆ. ದಂಡ ಗಾಡಿಯ ಮನೆಯನ್ನು ನೋಡುವುದೇ ಇಲ್ಲ. ತಪ್ಪು ನಡೆದ ಜಾಗವನ್ನು ನೋಡುತ್ತದೆ.

2023ರ ಫೆಬ್ರವರಿಯಲ್ಲಿ ಕರ್ನಾಟಕ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ನಮ್ಮಲ್ಲೂ ಎಷ್ಟು ಜನ ಫೋನ್ ಹಿಡಿದು ಕೂತಿದ್ದರು, ನೆನಪಿದೆಯಾ? ಆಗ ನೂರು ಕೋಟಿಗೂ ಜಾಸ್ತಿ ಹಣ ಕೆಲವೇ ದಿನಗಳಲ್ಲಿ ಕೂಡಿತು. ಇಲ್ಲಿಂದ ಕಟ್ಟಿದ್ದೂ ಅದರಲ್ಲಿ ಸೇರಿದೆ. ಯಾರೂ ತಕರಾರು ಮಾಡಲಿಲ್ಲ. ಮಾಡುವುದೂ ಸರಿಯಲ್ಲ. ತಪ್ಪು ಅಲ್ಲಿ ನಡೆದದ್ದು, ರಸ್ತೆ ಅಲ್ಲಿಯದು, ಅಪಾಯ ಅಲ್ಲಿಯವರಿಗೆ.

ಅಂದರೆ ತತ್ವ ಆಗಲೇ ಒಪ್ಪಿಕೊಂಡದ್ದು. ಎಲ್ಲಿ ತಪ್ಪೋ ಅಲ್ಲಿಗೆ ದಂಡ. ಎರಡು ರಾಜ್ಯಗಳ ನಡುವೆ ಈ ತತ್ವ ತಲಪಾಡಿಯಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ನಡೆಯುತ್ತದೆ. ಅಡ್ಕಸ್ಥಳದಲ್ಲಿ ನಡೆಯುತ್ತದೆ. ಗಡಿಯಿಂದ ಒಂದು ಹೆಜ್ಜೆ ಈಚೆ ತಪ್ಪು ಮಾಡಿದರೆ ಕೇರಳಕ್ಕೆ, ಒಂದು ಹೆಜ್ಜೆ ಆಚೆ ಮಾಡಿದರೆ ಕರ್ನಾಟಕಕ್ಕೆ. ರಾಜ್ಯದ ಒಳಗೆ ಬಂದ ಕೂಡಲೇ ಜಾಗ ಮರೆತುಹೋಗುತ್ತದೆ. ವರ್ಕಾಡಿಯ ತಪ್ಪೂ, ಎಣ್ಮಕಜೆಯ ತಪ್ಪೂ, ಕೊಲ್ಲಂನ ತಪ್ಪೂ ಒಂದೇ ರಾಶಿ. ರಾಜ್ಯ ಮತ್ತು ರಾಜ್ಯದ ನಡುವೆ ಜಾಗಕ್ಕೆ ಬೆಲೆ ಇದೆ. ರಾಜ್ಯ ಮತ್ತು ಪಂಚಾಯತಿನ ನಡುವೆ ಯಾಕೆ ಇಲ್ಲ? ನಾನು ಕೇಳುವುದು ಇಷ್ಟೇ.

ಇದು ಹೊಸ ಆಸೆಯೂ ಅಲ್ಲ. ಹಳೆಯ ಕಾಲಕ್ಕೆ ಒಮ್ಮೆ ಹೋಗೋಣ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅದಕ್ಕೂ ಹಿಂದೆ ಮದರಾಸು ಪ್ರಾಂತ್ಯದ ಕಾಲ. ಆಗ ರಸ್ತೆಗೆ ಅಡ್ಡ ಗೇಟು ಹಾಕಿ ಸುಂಕ ಎತ್ತುವ ಹಕ್ಕು ಸ್ಥಳೀಯ ಬೋರ್ಡುಗಳಿಗೆ ಇತ್ತು. ಮೋಟಾರು ಗಾಡಿಗಳು ಜಾಸ್ತಿಯಾದವು. ಹೆಜ್ಜೆಗೊಂದು ಗೇಟು ಇದ್ದರೆ ಓಡಾಡುವುದು ಹೇಗೆ? 1931ರಲ್ಲಿ ಮದರಾಸು ಮೋಟಾರು ವಾಹನ ತೆರಿಗೆ ಕಾಯ್ದೆ ಬಂತು. ಗೇಟು ಹೋಯಿತು, ಇಡೀ ಪ್ರಾಂತ್ಯಕ್ಕೆ ಒಂದೇ ತೆರಿಗೆ ಬಂತು. ಆದರೆ ಗೇಟಿನ ಆದಾಯ ಕಳೆದುಕೊಂಡ ಸ್ಥಳೀಯ ಸಂಸ್ಥೆಗಳಿಗೆ ಆ ತೆರಿಗೆಯಿಂದ ಪರಿಹಾರ ಕೊಡಬೇಕೆಂದೂ ಅದೇ ಕಾಯ್ದೆ ಹೇಳಿತು. ಬ್ರಿಟಿಷರ ಕಾಲದ ಕಾಯ್ದೆಗೂ ಇದು ಅರ್ಥವಾಗಿತ್ತು. ರಸ್ತೆಯಿಂದ ಬಂದ ಹಣದಲ್ಲಿ ರಸ್ತೆ ನೋಡಿಕೊಳ್ಳುವವರಿಗೆ ಪಾಲಿದೆ.

ಈಗ ಕೇಳಿ. ಸ್ವತಂತ್ರ ಭಾರತ 1992ರಲ್ಲಿ 73 ಮತ್ತು 74ನೇ ತಿದ್ದುಪಡಿ ಮಾಡಿ ಪಂಚಾಯತಿಗೂ ನಗರಸಭೆಗೂ ಸಂವಿಧಾನದಲ್ಲಿ ಜಾಗ ಕೊಟ್ಟಿತು. ಪಂಚಾಯತಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಹದಿಮೂರನೆಯದು ರಸ್ತೆ, ಮೋರಿ, ಸೇತುವೆ, ಕಡವು. ಜವಾಬ್ದಾರಿ ಬಂತು. ಹಣ? ಅದಕ್ಕೆ 243-ಐ ವಿಧಿ. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಕೂರಬೇಕು, ರಾಜ್ಯಕ್ಕೂ ಪಂಚಾಯತಿಗೂ ಹಣ ಹೇಗೆ ಹಂಚಬೇಕೆಂದು ಹೇಳಬೇಕು. ಏನನ್ನು ಹಂಚಬೇಕು? ಅಲ್ಲಿ ನಾಲ್ಕು ಪದ ಇದೆ. ತೆರಿಗೆ, ಸುಂಕ, ಟೋಲ್, ಶುಲ್ಕ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ದಂಡ ಎಂಬ ಪದ ಇಲ್ಲ. ನಗರಸಭೆಯ 243-ವೈ ವಿಧಿಯೂ ಇದೇ ದಾರಿಯಲ್ಲಿ ಹೋಗುತ್ತದೆ.

ಬೇಕೆಂದೇ ಬಿಟ್ಟರೋ, ಆಗ ದಂಡ ಎಂದರೆ ನೂರು ರೂಪಾಯಿಯ ಚಿಲ್ಲರೆ ವಿಷಯ ಎಂದು ಗಮನಿಸಲಿಲ್ಲವೋ, ಆ ಚರ್ಚೆ ನಮಗೆ ಬೇಡ. ಈಗ ಅದು ಚಿಲ್ಲರೆ ಅಲ್ಲ. ಕೇರಳದಲ್ಲಿ 2023ರ ಏಪ್ರಿಲ್ 20ರಂದು 726 ಕ್ಯಾಮರಾಗಳು ಉದ್ಘಾಟನೆಯಾದವು. ಜೂನ್ 5ರಿಂದ ದಂಡ ಶುರುವಾಯಿತು. ಮೊದಲು ಜೀಪು ನಿಂತ ಎರಡು ಗಂಟೆ ಮಾತ್ರ ದಂಡ. ಕ್ಯಾಮರಾಕ್ಕೆ ಊಟವೂ ಇಲ್ಲ, ನಿದ್ದೆಯೂ ಇಲ್ಲ.

ಆದರೆ ಅದೇ 243-ಐ ವಿಧಿಯಲ್ಲಿ ಇನ್ನೊಂದು ಸಾಲಿದೆ. ಸಂಚಿತ ನಿಧಿಯಿಂದ ಪಂಚಾಯತಿಗೆ ಅನುದಾನ ಕೊಡುವ ಬಗ್ಗೆಯೂ ಆಯೋಗ ಹೇಳಬಹುದು. ಅನುದಾನದ ಹಣ ಎಲ್ಲಿಂದ ಬಂತೆಂದು ವಿಧಿ ಕೇಳುವುದಿಲ್ಲ. ದಂಡದ್ದೂ ಆಗಬಹುದು. ಹಾಗಾಗಿ ಸಂವಿಧಾನ ತಿದ್ದಬೇಕಾಗಿಲ್ಲ. ಬಾಗಿಲು ತೆರೆದೇ ಇದೆ, ಯಾರೂ ಒಳಗೆ ಹೋಗಿ ಕೇಳಿಲ್ಲ.

ಇಲ್ಲಿ ಒಬ್ಬರು ಮಾಜಿ ಮೆಂಬರ್ ಕೂತಿದ್ದಾರೆ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ, ಕೈ ಎತ್ತಲು ಕಾಯುತ್ತಿದ್ದಾರೆ. ಅವರ ಪ್ರಶ್ನೆ ನಾನೇ ಹೇಳಿಬಿಡುತ್ತೇನೆ. ‘ಪಂಚಾಯತಿಗೆ ನಿರ್ವಹಣಾ ನಿಧಿ ಬರುತ್ತದಲ್ಲ, ಅದರಲ್ಲಿ ರಸ್ತೆಗೆಂದೇ ಬೇರೆ ಪಾಲು ಇದೆಯಲ್ಲ?’ ಇದೆ ಅಣ್ಣ. ಹಣ ಕೆಳಗೆ ಬಿಡುವುದರಲ್ಲಿ ಕೇರಳ ಮುಂದೆಯೇ ಇದೆ. 1996ರ ಜನಕೀಯ ಯೋಜನೆಯ ಕಾಲದಿಂದಲೂ ಹಾಗೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ರಸ್ತೆಯ ನಿಧಿ ಬಂದ ಕೂಡಲೇ ಎಲ್ಲಿ ಹೋಗುತ್ತದೆ? ಹೊಂಡಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಆಕಾಶ ಸುರಿಯುವ ರೀತಿಗೆ ಎಷ್ಟು ಟಾರ್ ಹಾಕಿದರೂ ಸಾಲದು. ಹೊಂಡ ಎಲ್ಲರ ಕಣ್ಣಿಗೆ ಕಾಣುತ್ತದೆ, ಬೈಗುಳ ತರುತ್ತದೆ. ಕನ್ನಡಿ ಇಲ್ಲದ ತಿರುವು ಯಾರ ಕಣ್ಣಿಗೂ ಕಾಣುವುದಿಲ್ಲ. ಯಾರಾದರೂ ಬೀಳುವ ತನಕ. ಅದಕ್ಕೇ ಕನ್ನಡಿಗೆ, ಗೆರೆಗೆ, ಬಲ್ಬಿಗೆ, ಫಲಕಕ್ಕೆ ಮೀಸಲಾದ ಬೇರೆ ಹಣ ಬೇಕು. ಟಾರಿನ ಜೊತೆ ಜಗಳಕ್ಕೆ ಬಿಟ್ಟರೆ ಕನ್ನಡಿ ಯಾವತ್ತೂ ಗೆಲ್ಲುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಅಂಗಳದಲ್ಲೇ ಇದೆ. ರಸ್ತೆ ಬದಿಯಲ್ಲಿ ಕಸ ಬಿಸಾಡಿದರೆ ಪಂಚಾಯತ್ ದಂಡ ಹಾಕುತ್ತದೆ. ಆ ದಂಡ ಪಂಚಾಯತಿನ ನಿಧಿಗೇ ಸೇರುತ್ತದೆ. ಕಸ ಹಾಕಿದವರ ಫೋಟೋ ಕಳಿಸಿಕೊಟ್ಟವರಿಗೆ ದಂಡದಲ್ಲಿ ಒಂದು ಪಾಲು ಬಹುಮಾನ ಕೂಡ ಇದೆ. ಯಾಕೆ? ಕಸ ಎತ್ತುವವರು ಇಲ್ಲಿಯವರು. ಹರಿತ ಕರ್ಮಸೇನೆಯ ನಮ್ಮ ಅಕ್ಕಂದಿರು. ಹಾಗಾದರೆ ಅದೇ ರಸ್ತೆಯಲ್ಲಿ ಕಾರಿನ ಕಿಟಕಿಯಿಂದ ಕವರ್ ಎಸೆದರೆ ದಂಡ ಊರಿಗೆ. ಅದೇ ಕಾರು ಅದೇ ಜಾಗದಲ್ಲಿ ಅತಿ ವೇಗದಿಂದ ಹೋಗಿ ಶಾಲೆ ಮಕ್ಕಳನ್ನು ಹೆದರಿಸಿದರೆ ದಂಡ ತಿರುವನಂತಪುರಕ್ಕೆ. ಕಸದ ಅಪಾಯ ನಮ್ಮದು, ವೇಗದ ಅಪಾಯ ಯಾರದು?

ಪಾರ್ಕಿಂಗ್ ಕತೆಯೂ ಹಾಗೆಯೇ. ಗಾಡಿ ಎಲ್ಲಿ ನಿಲ್ಲಿಸಬಹುದು ಎಂದು ಸ್ಥಳೀಯ ಸಂಸ್ಥೆಯನ್ನು ಕೇಳಿಯೇ ತೀರ್ಮಾನ ಮಾಡಬೇಕೆಂದು ಕಾಯ್ದೆಯ 117ನೇ ಸೆಕ್ಷನ್ ಹೇಳುತ್ತದೆ. ಪೇಟೆಯಲ್ಲಿ ರಿಕ್ಷಾ ಸ್ಟ್ಯಾಂಡ್ ಎಲ್ಲಿ, ಬಸ್ಸು ಎಲ್ಲಿ ಎಂದು ಗಂಟೆಗಟ್ಟಲೆ ಕೂತು ಜಗಳ ಬಿಡಿಸುವವರು ನಮ್ಮ ಮೆಂಬರ್‌ಗಳು. ಹಿಂದೆ ನಿಂತಿರುವ ಗೆಳೆಯರಿಗೆ ಆ ಜಗಳ ಚೆನ್ನಾಗಿ ಗೊತ್ತು. ತೀರ್ಮಾನದ ಕಷ್ಟ ಇಲ್ಲಿ, ಅದನ್ನು ಮುರಿದವರ ದಂಡ ಅಲ್ಲಿ.

ಸರಿ, ದಂಡದಲ್ಲಿ ಪಾಲು ಕೊಟ್ಟರೆ ಒಂದು ಅಪಾಯ ಇದೆ. ಇದನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಪಂಚಾಯತಿಗೆ ದಂಡದ ರುಚಿ ಹತ್ತಿದರೆ? ‘ಈ ತಿಂಗಳು ದುಡ್ಡು ಕಮ್ಮಿ, ನಾಲ್ಕು ಜನರನ್ನು ಜಾಸ್ತಿ ಹಿಡಿಸಿ’ ಎಂದು ಶುರುವಾದರೆ?

ಇದು ಅಮೆರಿಕದಲ್ಲಿ ನಡೆದಿದೆ. ಅಲ್ಲಿ ಬಹಳ ಕಡೆ ಸಣ್ಣ ಊರಿಗೂ ಸ್ವಂತ ಪೊಲೀಸ್, ಸ್ವಂತ ಕೋರ್ಟು. ಮಿಸೌರಿ ರಾಜ್ಯದಲ್ಲಿ ಮ್ಯಾಕ್ಸ್ ಕ್ರೀಕ್ ಎಂಬ ಪುಟ್ಟ ಊರು. ಹೆದ್ದಾರಿಯಲ್ಲಿ ಹೋಗುವವರಿಗೆ ಹಾಕಿದ ದಂಡದಲ್ಲೇ ಊರಿನ ಆಡಳಿತ ನಡೆಯುತ್ತಿತ್ತು. 1995ರಲ್ಲಿ ಆ ರಾಜ್ಯ ಅದೇ ಊರಿನ ಹೆಸರಿನಿಂದ ಕರೆಯುವ ಕಾನೂನು ತಂದಿತು. ಊರಿನ ಆದಾಯದಲ್ಲಿ ಟ್ರಾಫಿಕ್ ದಂಡದ ಪಾಲು ಒಂದು ಮಿತಿ ದಾಟಿದರೆ, ದಾಟಿದ್ದನ್ನು ರಾಜ್ಯಕ್ಕೆ ಒಪ್ಪಿಸಬೇಕು. ಮೊದಲು ಮಿತಿ ನೂರಕ್ಕೆ 45, ಆಮೇಲೆ 30, 2015ರಲ್ಲಿ 20ಕ್ಕೆ ಇಳಿಸಿದರು. ಆ 2015ರಲ್ಲೇ ಅದೇ ರಾಜ್ಯದ ಫರ್ಗುಸನ್ ಪಟ್ಟಣದ ಬಗ್ಗೆ ಅಮೆರಿಕದ ನ್ಯಾಯ ಇಲಾಖೆಯ ವರದಿ ಬಂತು. ಅಲ್ಲಿಯ ಪೊಲೀಸರ ಕಣ್ಣು ಜನರ ಸುರಕ್ಷತೆಗಿಂತ ಜಾಸ್ತಿ ಆದಾಯದ ಮೇಲಿತ್ತು, ಅದರ ಏಟು ಮುಖ್ಯವಾಗಿ ಕಪ್ಪು ಜನರ ಮೇಲೆ ಬಿತ್ತು ಎಂದು ಆ ವರದಿ ಹೇಳಿತು. ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ವಾದಕ್ಕೆ ಇದು ದೊಡ್ಡ ಪೆಟ್ಟು.

ಅದಕ್ಕೇ ನನ್ನ ಬೇಡಿಕೆಯನ್ನು ತಿದ್ದಿಕೊಂಡೆ. ಹಿಡಿಯುವ ಕೈ, ಹಣ ಪಡೆಯುವ ಕೈ ಬೇರೆ ಬೇರೆ ಇರಲಿ. ಹಿಡಿಯುವುದು ರಾಜ್ಯವೇ ಇರಲಿ. ಪಂಚಾಯತಿಗೆ ಕೊಡುವ ಪಾಲು, ಅಲ್ಲಿ ಎಷ್ಟು ದಂಡ ಬಿತ್ತು ಎಂಬುದರ ಮೇಲೆ ನಿಲ್ಲಬಾರದು. ಜಿಲ್ಲೆಯಲ್ಲಿ ಕೂಡಿದ ದಂಡದಿಂದ ಒಂದು ಪಾಲು ತೆಗೆದಿಟ್ಟು, ಯಾವ ಪಂಚಾಯತಿನಲ್ಲಿ ಎಷ್ಟು ರಸ್ತೆ ಇದೆ, ಎಷ್ಟು ಅಪಾಯದ ಜಾಗ ಇದೆ ಎಂದು ನೋಡಿ ಹಂಚಲಿ. ಆಗ ಹನ್ನೊಂದು ಜನರನ್ನು ಹಿಡಿದರೂ ಒಂದೇ, ಒಬ್ಬರನ್ನು ಹಿಡಿದರೂ ಒಂದೇ. ತಿರುವಿಗೆ ಕನ್ನಡಿ ಬರುತ್ತದೆ.

ಇಂಥದ್ದು ಎಲ್ಲಾದರೂ ಉಂಟಾ ಎಂದರೆ, ಹತ್ತಿರದ್ದು ಇಟಲಿಯಲ್ಲಿದೆ. ಅಲ್ಲಿ 2010ರಲ್ಲಿ ಕಾನೂನು ತಿದ್ದಿದರು. ವೇಗದ ಕ್ಯಾಮರಾದಿಂದ ಬಂದ ದಂಡದಲ್ಲಿ ಅರ್ಧ ಹಿಡಿದವರ ಸಂಸ್ಥೆಗೆ, ಅರ್ಧ ರಸ್ತೆ ಯಾರದೋ ಆ ಸಂಸ್ಥೆಗೆ. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಉಳಿದ ಟ್ರಾಫಿಕ್ ದಂಡಗಳಲ್ಲಿ ಸ್ಥಳೀಯ ಸಂಸ್ಥೆಗೆ ಬಂದದ್ದರ ಅರ್ಧವನ್ನು ರಸ್ತೆ ಸುರಕ್ಷತೆಯ ಕೆಲಸಗಳಿಗೇ ಬಳಸಬೇಕು. ಆ ಅರ್ಧದಲ್ಲಿ ಕಾಲು ಭಾಗವಾದರೂ ರಸ್ತೆ ಫಲಕ, ಗೆರೆಗಳಿಗೆ. ನೋಡಿ, ಯಾರೋ ಒಬ್ಬರು ಅಲ್ಲಿಯೂ ಒಂದು ತಿರುವಿನಲ್ಲಿ ನಿಂತು ಯೋಚನೆ ಮಾಡಿದ್ದಾರೆ!

ಇಟಲಿಯ ತನಕ ಹೋಗಬೇಕಾಗಿಯೂ ಇಲ್ಲ. ಕೇರಳದ್ದೇ 2007ರ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆ ಇದೆ. ಅದರಲ್ಲಿ ಒಂದು ನಿಧಿ ಇದೆ. ಹಿಂದಿನ ವರ್ಷ ಕಾಂಪೌಂಡಿಂಗ್‌ನಿಂದ ಬಂದ ಮೊತ್ತದ ಅರ್ಧದಷ್ಟು ಆ ನಿಧಿಗೆ ಸೇರಬೇಕು. ಜಿಲ್ಲೆಯಲ್ಲಿ ಕಲೆಕ್ಟರ್ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಕೌನ್ಸಿಲ್ ಇದೆ. ಅಂದರೆ ದಂಡದ ಹಣ ರಸ್ತೆಗೆ ಮರಳಬೇಕು ಎಂದು ನಮ್ಮ ರಾಜ್ಯ ಆಗಲೇ ಒಪ್ಪಿದೆ. ವಿದ್ಯಾನಗರದ ಕಲೆಕ್ಟರೇಟಿನ ಮೆಟ್ಟಿಲ ತನಕ ದಾರಿ ಹಾಕಿದೆ. ಅಲ್ಲಿಂದ ಪೈವಳಿಕೆಗೆ, ಮೀಂಜಕ್ಕೆ, ಬೆಳ್ಳೂರಿಗೆ ಬರುವ ಕೊನೆಯ ತುಂಡು ದಾರಿ ಮಾತ್ರ ಬಾಕಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ. ಬೇಗ ಹೇಳುತ್ತೇನೆ.

ಒಂದು, ರಸ್ತೆಯೇ ತಪ್ಪು ಮಾಡಿದರೆ? ರಸ್ತೆ ಸರಿಯಾಗಿ ಕಟ್ಟದೆ, ನೋಡಿಕೊಳ್ಳದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಜವಾಬ್ದಾರರಿಗೆ ಒಂದು ಲಕ್ಷದವರೆಗೆ ದಂಡ ಎಂದು 2019ರ ತಿದ್ದುಪಡಿಯಲ್ಲಿ 198-ಎ ಸೆಕ್ಷನ್ ಬಂತು. ಗುತ್ತಿಗೆದಾರರೂ ಅದರಲ್ಲಿ ಬರುತ್ತಾರೆ. ಬಹಳ ಒಳ್ಳೆಯದು. ಆದರೆ ಆ ದಂಡ ಹೋಗುವುದು ಕೇಂದ್ರದ ಅಪಘಾತ ನಿಧಿಗೆ. ಆ ನಿಧಿಗೂ ಒಳ್ಳೆಯ ಕೆಲಸ ಇದೆ, ಗಾಯಾಳುಗಳ ಚಿಕಿತ್ಸೆ, ಪರಿಹಾರ. ನಾನು ಬೇಡ ಎನ್ನುವುದಿಲ್ಲ. ಆದರೆ ಇಲ್ಲಿಯೂ ಆ ಕೆಟ್ಟ ರಸ್ತೆ ಕೆಟ್ಟದ್ದಾಗಿಯೇ ಉಳಿಯಿತು, ಅಲ್ವಾ?

ಎರಡು, ಭಾಷೆ. ಇದಕ್ಕೆ ಒಂದು ಗಂಟೆ ಬೇಕಿತ್ತು. ಕ್ಯಾಮರಾ ಇರುವ ಕಡೆ ಮೊದಲೇ ಫಲಕ ಹಾಕಿ ತಿಳಿಸಬೇಕೆಂದು ಕೇಂದ್ರದ ನಿಯಮ ಇದೆ, 167-ಎ. ಯಾವ ಭಾಷೆಯಲ್ಲಿ? ಕನ್ನಡ ಅಲ್ಪಸಂಖ್ಯಾತರಿರುವ ಪ್ರದೇಶದಲ್ಲಿ ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ನಮ್ಮ ಊರಿನ ಅಜ್ಜಂದಿರಿಗೆ ‘ಮುಂದೆ ಅಪಾಯದ ತಿರುವು’ ಎಂದು ಕನ್ನಡದಲ್ಲಿ, ಮಲಯಾಳದಲ್ಲಿ ಎರಡರಲ್ಲೂ ಬರೆದ ಫಲಕ ಬೇಕು. ದೂರದ ಕಚೇರಿಯಿಂದ ಟೆಂಡರ್ ಕರೆದು ಬರುವ ಫಲಕದಲ್ಲಿ ಅದು ನೆನಪಾಗುವುದಿಲ್ಲ. ಇಲ್ಲಿಯ ಹಣದಲ್ಲಿ ಇಲ್ಲಿಯವರು ಬರೆಸಿದರೆ ತಾನಾಗಿ ಕನ್ನಡ ಬರುತ್ತದೆ.

ಮೂರನೆಯದು ಲೆಕ್ಕ. ಯಾವ ಪಂಚಾಯತಿನ ಗಡಿಯೊಳಗೆ ಎಷ್ಟು ದಂಡ ವಸೂಲಾಯಿತು ಎಂದು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಈಗ ದಂಡದ ಚಲನ್ ಎಲ್ಲ ಕಂಪ್ಯೂಟರಿನಲ್ಲಿ, ಜಾಗದ ಹೆಸರು ಸಮೇತ ಇರುತ್ತದೆ. ಕಷ್ಟದ ಕೆಲಸವೇನಲ್ಲ. ಪಾಲು ಕೊಡುವುದು ತಡವಾದರೂ ಲೆಕ್ಕ ನಾಳೆಯೇ ಕೊಡಬಹುದು.

ಮುಗಿಸುತ್ತೇನೆ. ಒಂದು ಠರಾವಿನ ಕರಡು ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದೂವರೆ ಪುಟ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ವಾರ್ಡಿನಿಂದ ಅದನ್ನು ಮಂಡಿಸಿ, ಪಂಚಾಯತ್ ಮೂಲಕ ರಾಜ್ಯ ಹಣಕಾಸು ಆಯೋಗಕ್ಕೆ ಕಳಿಸಬೇಕೆಂದು ಆಸೆ. ಓದಿ, ತಪ್ಪಿದ್ದರೆ ಪೆನ್ನಿನಲ್ಲಿ ತಿದ್ದಿ. ಒಪ್ಪಿಗೆಯಾದರೆ ಸಹಿ ಹಾಕಿ. ಬೇರೆ ವಾರ್ಡಿನವರು ಒಂದು ಪ್ರತಿ ತೆಗೆದುಕೊಂಡು ಹೋಗಿ, ಜೆರಾಕ್ಸ್ ಮಾಡಿಟ್ಟಿದ್ದೇವೆ.

ಮತ್ತೆ, ಈಗ ಕತ್ತಲಾಗಿದೆ. ಸೊಸೈಟಿ ಕಡೆಯಿಂದ ಇಳಿದು ಹೋಗುವವರು ಆ ತಿರುವಿನಲ್ಲಿ ದಯಮಾಡಿ ಎರಡು ಸಲ ಹಾರ್ನ್ ಹಾಕಿ. ನಿನ್ನೆಯಿಂದ ಅಲ್ಲಿಯ ಬಲ್ಬು ಕೂಡ ಉರಿಯುತ್ತಿಲ್ಲ.